ಬೋರಲು ಮಲಗಿದ ಗೋಡೆ

ಸಂಕ್ರಾಂತಿ ಹತ್ತಿರ ಬಂತೆಂದರೆ ನಮ್ಮ ಮನೆಯ ಅಟ್ಟದಿಂದ ಸಕ್ಕರೆ ಅಚ್ಚಿನ ಹಲಗೆಗಳು ಕೆಳಗಿಳಿಯುತ್ತಿದ್ದವು. ಆನೆ, ಒಂಟೆ, ಗಿಳಿ, ತುಳಸಿಕಟ್ಟೆ. ಅಮ್ಮ ಅವನ್ನು ನೀರಿನಲ್ಲಿ ನೆನೆಹಾಕಿ, ಎರಡೆರಡು ಹಲಗೆ ಜೋಡಿಸಿ ದಾರ ಬಿಗಿದು, ಹದ ಬಂದ ಪಾಕವನ್ನು ಮೆಲ್ಲಗೆ ಎರೆಯುತ್ತಿದ್ದಳು. ಎರೆದ ಮೇಲೆ ತಿದ್ದಲು ಬರುತ್ತಿರಲಿಲ್ಲ. ಆನೆಯ ಸೊಂಡಿಲಿಗೆ ಪಾಕ ಇಳಿಯಿತೋ ಇಲ್ಲವೋ, ಗಿಳಿಯ ಕೊಕ್ಕು ಮೂಡಿತೋ ಇಲ್ಲವೋ, ದಾರ ಬಿಚ್ಚುವ ತನಕ ಯಾರಿಗೂ ಗೊತ್ತಿಲ್ಲ. ಮಾಡಬೇಕಾದ ಜೋಪಾನವೆಲ್ಲ ಎರೆಯುವ ಮುಂಚೆಯೇ ಮುಗಿದಿರಬೇಕು.

ಐವತ್ತು ವರ್ಷದ ಮೇಲೆ ಅಂಥದೇ ಒಂದು ಅಚ್ಚಿನ ಮುಂದೆ ನಿಂತಿದ್ದೆ. ಈ ಅಚ್ಚು 30 ಅಡಿ ಉದ್ದ, 10 ಅಡಿ ಅಗಲ ಇತ್ತು. ಜಾಗ ಅಮೆರಿಕದ ಪೆನ್ಸಿಲ್ವೇನಿಯಾ, ತಿಂಗಳು ನವೆಂಬರ್. ಹೊರಗೆ ಜೋಳದ ಹೊಲಗಳು ಕಟಾವಾಗಿ ಕೂಳೆ ಮಾತ್ರ ಉಳಿದಿತ್ತು. ಒಳಗೆ, ವಿಮಾನ ನಿಲ್ಲಿಸುವಷ್ಟು ದೊಡ್ಡ ಶೆಡ್ಡಿನಲ್ಲಿ, ಉಕ್ಕಿನ ಮೇಜುಗಳು ಸಾಲಾಗಿ ಮಲಗಿದ್ದವು. ಒಂದೊಂದು ಮೇಜಿನ ಮೇಲೂ ಬೂದುಬಣ್ಣದ ರಬ್ಬರಿನಂಥ ಹಾಸು. ಹಾಸಿನ ತುಂಬ ಅಳಗುಳಿಮಣೆಯ ಹಾಗೆ ಗುಳಿಗಳು. ಆದರೆ ಗುಂಡಗಲ್ಲ, ಇಟ್ಟಿಗೆಯ ಮುಖದಷ್ಟು ಉದ್ದುದ್ದ. ಗುಳಿ ಗುಳಿಯ ನಡುವೆ ಕಿರುಬೆರಳಿನ ದಪ್ಪದ ದಿಂಡು. ಒಂದು ಸಾಲಿನ ಗುಳಿ ಮೇಲಿನ ಸಾಲಿನ ಎರಡು ಗುಳಿಗಳ ನಡುವಿಗೆ ಸರಿಯಾಗಿ ಬರುವಂತೆ ಜೋಡಣೆ. ಇಟ್ಟಿಗೆ ಕಟ್ಟಡ ನೋಡಿ ಬೆಳೆದವರಿಗೆ ಹೇಳಬೇಕಾಗಿಯೇ ಇಲ್ಲ. ಗೋಡೆಯಿಂದ ಇಟ್ಟಿಗೆಯನ್ನೆಲ್ಲ ಕಿತ್ತು, ಬರೀ ಗಾರೆಯ ಸಂದುಗಳನ್ನು ನಿಲ್ಲಿಸಿಕೊಂಡರೆ ಹೇಗಿರುತ್ತದೋ ಹಾಗಿತ್ತು.

“ಇದಕ್ಕೆ ಫಾರ್ಮ್ ಲೈನರ್ ಅಂತಾರೆ ಚಿಕ್ಕಪ್ಪ. ಪಾಲಿಯುರೆಥೇನ್‌ದು. ನೋಡ್ಕೊಂಡು, ಮೇಲೆ ಕಾಲಿಡಬೇಡಿ” ಎಂದ ಅಣ್ಣನ ಮಗ.

ಅಣ್ಣ ಮಾಲೂರಿನಲ್ಲಿ ಗಾರೆ ಮೇಸ್ತ್ರಿ. ನಲವತ್ತು ವರ್ಷ ಕರಣೆ ಹಿಡಿದ ಕೈ. ನಮ್ಮೂರಿನ ಮಣ್ಣೇ ಅಂಥದು, ಹೆಂಚು, ಇಟ್ಟಿಗೆ ಎರಡಕ್ಕೂ ಹೆಸರಾದದ್ದು. ರೈಲು ಮಾಲೂರು ದಾಟುವಾಗ ಕಿಟಕಿಯಿಂದ ಕಾಣುವ ಚಿಮಣಿಗಳೇ ನಮ್ಮ ಬಾಲ್ಯದ ಗುರುತು. ಆ ಮಣ್ಣಿನ ಹುಡುಗ ಸಿವಿಲ್ ಎಂಜಿನಿಯರಿಂಗ್ ಓದಿ ಇಲ್ಲಿಗೆ ಬಂದು, ಪ್ರೀಕಾಸ್ಟ್ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಕೆಲಸಕ್ಕೆ ಸೇರಿದ್ದಾನೆ. ಗೋಡೆಗಳನ್ನು ಕಾರ್ಖಾನೆಯಲ್ಲೇ ಎರಕ ಹೊಯ್ದು, ಗಟ್ಟಿಯಾದ ಮೇಲೆ ಲಾರಿಯಲ್ಲಿ ಸಾಗಿಸಿ, ಕ್ರೇನಿನಿಂದ ಎತ್ತಿ ಕಟ್ಟಡಕ್ಕೆ ಸಿಕ್ಕಿಸುವ ಪದ್ಧತಿಗೆ ಪ್ರೀಕಾಸ್ಟ್ ಎನ್ನುತ್ತಾರೆ. ಅದರಲ್ಲಿ ಕಾಂಕ್ರೀಟಿನ ಮುಖಕ್ಕೆ ನಿಜವಾದ ಸುಟ್ಟ ಇಟ್ಟಿಗೆಯನ್ನೇ ಅಂಟಿಸಿ ಎರೆಯುವುದು ಇಲ್ಲಿ ಬಲು ರೂಢಿಯ ಕೆಲಸ. ಅಂಟಿಸಿ ಎಂದೆ, ತಪ್ಪು. ಅಲ್ಲಿ ಅಂಟೇ ಇಲ್ಲ. ಕಾಂಕ್ರೀಟೇ ಇಟ್ಟಿಗೆಯನ್ನು ಹಿಡಿದುಕೊಳ್ಳುತ್ತದೆ.

ಹುಡುಗ ಒಂದು ರಟ್ಟಿನ ಪೆಟ್ಟಿಗೆಯಿಂದ ಒಂದು ಇಟ್ಟಿಗೆ ತೆಗೆದು ನನ್ನ ಅಂಗೈಗೆ ಹಾಕಿದ. ಬಿಸ್ಕತ್ತಿನ ಪೊಟ್ಟಣದಷ್ಟು ಹಗುರ. ನಮ್ಮ ಇಟ್ಟಿಗೆ ಮೂರು ಕಿಲೋ ತೂಗುತ್ತದೆ. ಇದು ಕಾಲು ಕಿಲೋಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಉದ್ದ ಏಳೂವರೆ ಇಂಚಿನ ಮೇಲೆ ಒಂದು ಕೂದಲು, ಎತ್ತರ ಎರಡೂಕಾಲು ಇಂಚು, ದಪ್ಪ ಅರ್ಧದಿಂದ ಮುಕ್ಕಾಲು ಇಂಚು. ಮುಂದಿನಿಂದ ನೋಡಿದರೆ ಅಪ್ಪಟ ಇಟ್ಟಿಗೆ. ಅದೇ ಕೆಂಪು, ಅಲ್ಲಲ್ಲಿ ಬೆಂಕಿ ಹೆಚ್ಚು ತಾಗಿದ ಕಡೆ ಕಪ್ಪು ನೆರಳು, ತಂತಿ ಎಳೆದ ಗೀರು. ಬೆರಳಿಗೆ ಮಾತ್ರ ಏನೋ ಜಿಡ್ಡು ಹತ್ತಿತು. ತಿರುಗಿಸಿದೆ. ಬೆನ್ನಿಗೆ ಉದ್ದಕ್ಕೂ ಗಾಡಿಗಳನ್ನು, ಎಂದರೆ ಕಾಲುವೆಯಂಥ ತೋಡುಗಳನ್ನು ಕೊರೆದಿದ್ದಾರೆ, ಬಾಯಿ ಕಿರಿದು, ತಳ ಅಗಲ. ಬಡಗಿಯವರು ಪೆಟ್ಟಿಗೆಯ ಮೂಲೆ ಕೂಡಿಸುವಾಗ ಕೊರೆಯುತ್ತಾರಲ್ಲ, ಪಾರಿವಾಳದ ಬಾಲದ ಹಾಗೆ, ಅಂಥದು. ಕಾಂಕ್ರೀಟು ಆ ಗಾಡಿಯೊಳಗೆ ಹರಿದು ಗಟ್ಟಿಯಾದರೆ ಮುಗಿಯಿತು. ಒಳಗೆ ಹೋದದ್ದು ಕಿರಿದಾದ ಬಾಯಿಂದ ಹೊರಗೆ ಬರಲಾರದು.

ಎಷ್ಟು ಗಟ್ಟಿ? ಈ ಉದ್ಯಮಕ್ಕೆ ಅಮೆರಿಕದಲ್ಲಿ ಕಟ್ಟುಪಾಡು ಹಾಕುವುದು 1954ರಲ್ಲಿ ಹುಟ್ಟಿದ ಪಿಸಿಐ ಎಂಬ ಸಂಸ್ಥೆ. ಅದರ ನಿಯಮದ ಪ್ರಕಾರ ಇಟ್ಟಿಗೆ ಮತ್ತು ಕಾಂಕ್ರೀಟಿನ ಹಿಡಿತ ಚದರ ಇಂಚಿಗೆ ಕಡೇಪಕ್ಷ 150 ಪೌಂಡ್ ಎಳೆತ ತಾಳಬೇಕು. ಹುಡುಗ ಅಲ್ಲೇ ಲೆಕ್ಕ ಹಾಕಿ ತೋರಿಸಿದ. ಈ ಒಂದು ಪುಟ್ಟ ಇಟ್ಟಿಗೆಯನ್ನು ಗೋಡೆಯಿಂದ ಕೀಳಲು ಒಂದು ಟನ್ನಿಗೂ ಮೇಲೆ ಬಲ ಬೇಕು. ಅಂಗೈಯಲ್ಲಿದ್ದ ಚೂರನ್ನು ಆಮೇಲೆ ನಾನು ಬೇರೆ ಕಣ್ಣಿನಿಂದ ನೋಡಿದೆ.

ಹಾಸಿನ ಒಂದು ತುದಿಯಲ್ಲಿ ಇಬ್ಬರು ಇಟ್ಟಿಗೆ ಕೂರಿಸುತ್ತಿದ್ದರು. ಅವರಲ್ಲಿ ಒಬ್ಬಾಕೆ ಪೋರ್ಟೊರಿಕೊ ಕಡೆಯವಳಂತೆ, ವಯಸ್ಸು ಐವತ್ತರ ಆಸುಪಾಸು. ಮೊಣಕಾಲಿಗೆ ದಪ್ಪ ಗಾದಿ ಕಟ್ಟಿಕೊಂಡು, ಅಡ್ಡ ಹಾಕಿದ್ದ ಹಲಗೆಯ ಮೇಲೆ ಬಗ್ಗಿ ಕೂತಿದ್ದಳು. ಪಕ್ಕದಲ್ಲಿ ನಾಲ್ಕು ಪೆಟ್ಟಿಗೆ ತೆರೆದಿವೆ. ಒಂದೇ ಪೆಟ್ಟಿಗೆಯಿಂದ ತೆಗೆಯುವಂತಿಲ್ಲ. ಒಂದು ಗೂಡಿನಲ್ಲಿ ಸುಟ್ಟ ಇಟ್ಟಿಗೆಗೂ ಇನ್ನೊಂದು ಗೂಡಿನದಕ್ಕೂ ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ ಇರುತ್ತದೆ. ಒಂದೇ ಕಡೆಯದನ್ನು ಒಟ್ಟಿಗೆ ಹಾಕಿದರೆ ಗೋಡೆಯ ಮೇಲೆ ತೇಪೆ ಹಾಕಿದಂತೆ ಕಾಣುತ್ತದೆ. ಅವಳು ಒಂದು ಇಲ್ಲಿಂದ, ಎರಡು ಅಲ್ಲಿಂದ ತೆಗೆಯುತ್ತಿದ್ದಳು. ಅಕ್ಕಿ ಆರಿಸುವವರ ಬೆರಳಿನ ಓಟ ಅದು. ತೆಗೆದ ಇಟ್ಟಿಗೆಯ ಮುಖವನ್ನು ಒಮ್ಮೆ ಹೆಬ್ಬೆರಳಿನಿಂದ ಸವರುವುದು, ಅಂಚು ಮುಕ್ಕಾಗಿದ್ದರೆ ಬುಟ್ಟಿಗೆ, ಇಲ್ಲದಿದ್ದರೆ ಮುಖ ಕೆಳಗಾಗಿ ಗುಳಿಗೆ. ಅಂಗೈಯಿಂದ ಒಂದು ಒತ್ತು. ಕೂತಿತೋ, ಮುಂದಿನದು. ಬಿಗಿಯಾಯಿತೋ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಒಂದು ಪೆಟ್ಟು. ಸಡಿಲವಾಗಿ ಅಲ್ಲಾಡಿದರೆ ತೆಗೆದು ಬೇರೆ ಹುಡುಕುತ್ತಾಳೆ.

ಈ ಅಳತೆಯ ಇಟ್ಟಿಗೆ ಒಂದು ಚದರ ಅಡಿಗೆ ಆರೂಮುಕ್ಕಾಲು ಬೇಕು. ಆ ಒಂದು ಹಾಸಿಗೆ ಎರಡು ಸಾವಿರದ ಮೇಲೆ. ಎರಡು ಸಾವಿರ ಸಲ ಹೆಬ್ಬೆರಳು ಸವರಬೇಕು, ಎರಡು ಸಾವಿರ ಸಲ ಅಂಗೈ ಒತ್ತಬೇಕು. ಯಂತ್ರ ಬಂದು ಗಾರೆಯವರ ಕೈ ಕಟ್ಟಿತು ಎಂದು ಊರಿನಲ್ಲಿ ಕೂತು ನಾನು ಅಂದುಕೊಂಡಿದ್ದೆ. ಇಲ್ಲಿ ನೋಡಿದರೆ ಕೈ ಎಲ್ಲಿಗೂ ಹೋಗಿಲ್ಲ. ತೂಗುಗುಂಡು ಮತ್ತು ನೂಲು ಮಾಡುತ್ತಿದ್ದ ಕೆಲಸವನ್ನು ರಬ್ಬರಿನ ದಿಂಡು ಮಾಡುತ್ತಿದೆ, ಸಾಲು ಸೊಟ್ಟಗಾಗದಂತೆ ನೋಡಿಕೊಳ್ಳುತ್ತಿದೆ. ಆರಿಸುವ ಕೆಲಸ, ಹದ ನೋಡುವ ಕೆಲಸ ಮನುಷ್ಯರ ಕೈಯಲ್ಲೇ ಇದೆ. ಒಂದು ವ್ಯತ್ಯಾಸ ಮಾತ್ರ ನನ್ನನ್ನು ಬಹಳ ಕಾಡಿತು. ಅಣ್ಣ ಒಂದು ವರಸೆ ಕಟ್ಟಿ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ತನ್ನ ಗೋಡೆ ನೋಡುತ್ತಾನೆ. ಈಕೆಗೆ ಆ ಭಾಗ್ಯ ಇಲ್ಲ. ಕಾಣುವುದು ಇಟ್ಟಿಗೆಗಳ ಬೆನ್ನು. ದಿನವಿಡೀ ಮಾಡಿದ ಗೋಡೆಯ ಮುಖ ನೋಡಲು ಮಾರನೆಯ ಬೆಳಿಗ್ಗೆಯ ತನಕ ಕಾಯಬೇಕು. ಅಷ್ಟು ಹೊತ್ತಿಗೆ ಅವಳು ಇನ್ನೊಂದು ಹಾಸಿನ ಮೇಲೆ ಬಗ್ಗಿರುತ್ತಾಳೆ.

ಗೋಡೆಯ ತುದಿಗೆ ಬಂದಾಗ ಕೆಲಸ ನಿಧಾನವಾಯಿತು. ಮೂಲೆಯ ಇಟ್ಟಿಗೆಗಳನ್ನು ಎಲ್ ಆಕಾರದಲ್ಲೇ ಸುಟ್ಟಿರುತ್ತಾರೆ, ಒಂದು ಕಾಲು ಈ ಮುಖಕ್ಕೆ, ಇನ್ನೊಂದು ಪಕ್ಕದ ಮುಖಕ್ಕೆ. ಅದನ್ನು ಹಾಸಿನ ಅಂಚಿನ ತಡಿಕೆಗೆ ಒರಗಿಸಿ ನಿಲ್ಲಿಸಬೇಕು. ತೆಳು ಇಟ್ಟಿಗೆ ಹಚ್ಚಿದ ಗೋಡೆಯ ಗುಟ್ಟು ರಟ್ಟಾಗುವುದೇ ಮೂಲೆಯಲ್ಲಿ. ಎರಡು ತೆಳು ಚೂರುಗಳನ್ನು ಮೂಲೆಗೆ ತಂದು ಜೋಡಿಸಿದರೆ ದಪ್ಪ ಎಷ್ಟೆಂದು ಮಗುವೂ ಹೇಳುತ್ತದೆ. ಎಲ್ ಇಟ್ಟಿಗೆ ಇದ್ದರೆ ಮೂಲೆ ತಿರುಗಿದರೂ ಇಡೀ ಇಟ್ಟಿಗೆ ಮುಂದುವರಿದಂತೆ ಕಾಣುತ್ತದೆ. ಕಿಟಕಿಯ ಮೇಲ್ಗಡೆ ಇಟ್ಟಿಗೆಗಳನ್ನು ಸಿಪಾಯಿಗಳಂತೆ ನೆಟ್ಟಗೆ ನಿಲ್ಲಿಸುವ ಸಾಲಿಗೂ ಹಾಸಿನಲ್ಲಿ ಬೇರೆಯೇ ಗುಳಿಗಳಿದ್ದವು.

“ಇಟ್ಟಿಗೆ ನೆನೆಸೋದಿಲ್ವೇನೋ?” ಎಂದು ಕೇಳಿದೆ. ಅಣ್ಣನ ಕೆಲಸದಲ್ಲಿ ಅದು ಮೊದಲ ಪಾಠ. ತೊಟ್ಟಿಯಲ್ಲಿ ನೆನೆಯದ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಗಾರೆ ಪುಡಿಯಾಗುತ್ತದೆ.

“ಇದು ನೀರೇ ಜಾಸ್ತಿ ಕುಡಿಯೋದಿಲ್ಲ ಚಿಕ್ಕಪ್ಪ. ತನ್ನ ತೂಕದಲ್ಲಿ ನೂರಕ್ಕೆ ಆರು ಪಾಲಿಗಿಂತ ಹೆಚ್ಚು ಕುಡಿಯಬಾರದು ಅಂತ ನಿಯಮ.”

ಕಾರಣ ಇಲ್ಲಿನ ಚಳಿ. ಇಟ್ಟಿಗೆಯೊಳಗೆ ಸೇರಿದ ನೀರು ರಾತ್ರಿ ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಹಗಲು ಕರಗುತ್ತದೆ, ರಾತ್ರಿ ಮತ್ತೆ ಹೆಪ್ಪು. ಒಂದು ಚಳಿಗಾಲದಲ್ಲಿ ಇದು ಎಷ್ಟು ಸಲವೋ. ಮಾಲೂರಿನ ಮೆತ್ತನೆಯ ಇಟ್ಟಿಗೆಯನ್ನು ಇಲ್ಲಿ ತಂದಿಟ್ಟರೆ ಕೆಲವೇ ವರ್ಷದಲ್ಲಿ ಮುಖ ಪದರ ಪದರವಾಗಿ ಉದುರೀತು.

ಇನ್ನೊಂದು ಜಗಳವೂ ಒಳಗೊಳಗೇ ನಡೆಯುತ್ತದೆ. ಗೂಡಿನಿಂದ ಹೊರಬಂದ ಇಟ್ಟಿಗೆ ಗಾಳಿಯ ತೇವ ಹೀರಿಕೊಂಡು ವರ್ಷಗಟ್ಟಲೆ ಅಣು ಅಣುವಾಗಿ ಹಿಗ್ಗುತ್ತದೆ. ಕಾಂಕ್ರೀಟು ಆರುತ್ತಾ ಕುಗ್ಗುತ್ತದೆ. ಒಂದೇ ಮೈಯ ಮುಂಭಾಗ ಹಿಗ್ಗಿ, ಬೆನ್ನು ಕುಗ್ಗಿದರೆ ಏನಾಗಬೇಕು? ಹಪ್ಪಳ ಒಣಗುವಾಗ ಬಾಗುವ ಹಾಗೆ ಗೋಡೆಯೂ ಬಾಗಲು ನೋಡುತ್ತದೆ, ಇಟ್ಟಿಗೆಯ ಕಡೆಗೆ ಹೊಟ್ಟೆ ಬಿಟ್ಟುಕೊಂಡು. ಕಡಿಮೆ ನೀರು ಕುಡಿಯುವ ಇಟ್ಟಿಗೆ ಆರಿಸುವುದು, ಕಂಬಿಯ ಲೆಕ್ಕ, ಕಟ್ಟಡಕ್ಕೆ ಬಿಗಿಯುವ ಜಾಗಗಳ ಲೆಕ್ಕ, ಎಲ್ಲವೂ ಈ ಬಾಗನ್ನು ಹತೋಟಿಯಲ್ಲಿಡುವುದಕ್ಕೇ.

ಅಳತೆಯ ವಿಷಯಕ್ಕೆ ಬಂದರೆ ಹುಡುಗನ ಮುಖ ಬಿಗಿಯಾಗುತ್ತದೆ. ನಿಯಮ ಹೇಳುವುದೇನೆಂದರೆ, ಇಟ್ಟಿಗೆ ಹೇಳಿದ ಅಳತೆಗಿಂತ ಒಂದಿಷ್ಟೂ ದೊಡ್ಡದಿರಬಾರದು, ಚಿಕ್ಕದಾದರೆ ಇಂಚಿನ ಹದಿನಾರನೇ ಒಂದು ಪಾಲಿಗಿಂತ, ಎಂದರೆ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಚಿಕ್ಕದಿರಬಾರದು. ಬೆಂಕಿಯಲ್ಲಿ ಬೆಂದು ಬರುವ ಮಣ್ಣಿಗೆ ಇದು ಕಠಿಣ ಶಿಕ್ಷೆ. ಯಾಕೆ ಇಷ್ಟು ಬಿಗಿ ಎಂಬುದಕ್ಕೆ ಅವನು ತನ್ನ ಮೊದಲ ಚಳಿಗಾಲದ ಕಥೆ ಹೇಳಿದ. ಆಗ ಬೇರೆ ಕಾರ್ಖಾನೆಯಲ್ಲಿದ್ದ, ಅದರ ಹೆಸರು ಬೇಡ. ಒಂದು ದಿನ ಬಂದ ಪೆಟ್ಟಿಗೆಗಳ ಇಟ್ಟಿಗೆ ಕೂದಲೆಳೆ ಚಿಕ್ಕವು. ಕೂರಿಸುವವರು ಹೇಳಿದರು, ಇವು ಅಲ್ಲಾಡ್ತಿವೆ ಅಂತ. ಮೇಲಿನವರು ಲಾರಿಯ ದಿನ ಗೊತ್ತಾಗಿದೆ, ಎರೀರಿ ಎಂದರು. ಎರೆದರು. ಕಾಂಕ್ರೀಟಿನ ಹಾಲು ಸಂದಿನಲ್ಲಿ ನುಸುಳಿ ಇಟ್ಟಿಗೆಯ ಮುಖದ ಕೆಳಗೆ ಹರಿಯಿತು. ಕೆಲವು ಇಟ್ಟಿಗೆ ತೇಲಿ ಒಂದು ಬದಿಗೆ ವಾಲಿದವು. ಬೆಳಿಗ್ಗೆ ಎತ್ತಿ ನಿಲ್ಲಿಸಿದಾಗ ಕೆಂಪು ಗೋಡೆಯ ಮುಖದ ತುಂಬ ಬೂದು ಕಲೆ, ಸಿಡುಬು ಬಂದ ಹಾಗೆ. ಹತ್ತು ಟನ್ನಿನ ಗೋಡೆ. ಉಳಿ ಹಿಡಿದು ಒಂದೊಂದೇ ಇಟ್ಟಿಗೆ ಕೆತ್ತಿ ಬೇರೆ ಹಚ್ಚಿ ನೋಡಿದರು, ಕೊನೆಗೆ ಒಡೆದು ಜಲ್ಲಿ ಮಾಡಿದರು. “ಅವತ್ತು ಸರಿಯಾಗಿ ಹೇಳಿದ್ದೋರು ಮಂಡಿಯೂರಿ ಕೂತಿದ್ದೋರೇ ಚಿಕ್ಕಪ್ಪ” ಎಂದ. ಈಗ ಇವನ ಸಹಿ ಇಲ್ಲದೆ ಇಲ್ಲಿ ಎರೆಯುವಂತಿಲ್ಲ. ಸಹಿಗೆ ಮುಂಚೆ ಅವನು ಮೊದಲು ಹೋಗಿ ಮಾತಾಡಿಸುವುದು ಆ ಪೋರ್ಟೊರಿಕೊದ ಹೆಂಗಸನ್ನು.

ಮಧ್ಯಾಹ್ನದ ಹೊತ್ತಿಗೆ ಹಾಸು ತುಂಬಿತು. ಇಟ್ಟಿಗೆಗಳ ಬೆನ್ನ ಮೇಲೆ, ಅವಕ್ಕೆ ತಾಗದ ಹಾಗೆ, ಕಂಬಿಯ ಜಾಲರಿ ತೂಗುಹಾಕಿದರು. ಎತ್ತುವ ಕೊಂಡಿಗಳು, ಕಟ್ಟಡಕ್ಕೆ ಬೆಸೆಯುವ ಉಕ್ಕಿನ ತಗಡುಗಳು ತಮ್ಮ ತಮ್ಮ ಜಾಗಕ್ಕೆ ಬಂದವು. ಹುಡುಗ ಟಾರ್ಚು ಹಿಡಿದು ಹಲಗೆಯ ಮೇಲೆ ಬೋರಲು ಮಲಗಿ, ಸಾಲು ಸಾಲಾಗಿ ನೋಡುತ್ತಾ ಹೋದ. ಒಂದು ಕಡೆ ನಿಂತ. ಎರಡು ಬೆರಳು ಹಾಕಿ ಒಂದು ಇಟ್ಟಿಗೆ ತೆಗೆದ, ಗುಳಿಯಲ್ಲಿ ಸಿಕ್ಕಿದ್ದ ಕಡಲೆಬೀಜದಷ್ಟು ರಟ್ಟಿನ ಚೂರನ್ನು ಊದಿ ಹೊರಹಾಕಿ ಮತ್ತೆ ಕೂರಿಸಿದ. ಆ ಚೂರು ಅಲ್ಲೇ ಉಳಿದಿದ್ದರೆ ಒಂದು ಇಟ್ಟಿಗೆ ಎಂದೆಂದಿಗೂ ಒಂದು ನೂಲು ಒಳಗೆ ಸರಿದುಕೊಂಡೇ ಇರುತ್ತಿತ್ತು.

ಆಮೇಲೆ ಕಾಂಕ್ರೀಟು ಬಂತು. ನಮ್ಮಲ್ಲಿ ಕಾಂಕ್ರೀಟ್ ಹಾಕುವ ದಿನವೆಂದರೆ ಜಾತ್ರೆ. ಬಾಂಡ್ಲಿಗಳು ಕೈಯಿಂದ ಕೈಗೆ ಹಾರಬೇಕು, ವೈಬ್ರೇಟರ್ ಗುರುಗುಡಬೇಕು. ಇಲ್ಲಿ ಸದ್ದೇ ಇಲ್ಲ. ಬಕೆಟ್ಟಿನ ಬಾಯಿ ತೆರೆಯಿತು, ಬೂದು ದ್ರವ ದೋಸೆಹಿಟ್ಟಿನ ಹದದಲ್ಲಿ ಇಳಿದು ತಾನಾಗಿ ಹರಡಿಕೊಂಡಿತು. ಕಂಬಿಯ ಸುತ್ತ ಸುತ್ತಿ, ಇಟ್ಟಿಗೆಯ ಬೆನ್ನಿನ ಗಾಡಿಗಳಿಗೆ ಇಳಿದು, ಗುಳ್ಳೆಗಳನ್ನು ಮೇಲೆ ಬಿಟ್ಟು ಸಮನಾಯಿತು. ಜಪಾನಿನಲ್ಲಿ ಹುಟ್ಟಿದ ಬಗೆ ಇದು. ಟೋಕಿಯೊ ವಿಶ್ವವಿದ್ಯಾಲಯದ ಹಾಜಿಮೆ ಒಕಾಮುರ 1986ರಲ್ಲಿ ಈ ವಿಚಾರ ಮುಂದಿಟ್ಟರು, 1988ರಲ್ಲಿ ಮೊದಲ ಮಾದರಿ ಸಿದ್ಧವಾಯಿತು. ಅಲ್ಲಿ ಕಾಂಕ್ರೀಟನ್ನು ಸರಿಯಾಗಿ ದಮ್ಮಸ್ಸು ಮಾಡುವ ನುರಿತ ಕೆಲಸಗಾರರು ಕಡಿಮೆಯಾಗಿದ್ದರು, ಕಟ್ಟಡಗಳು ಬೇಗ ಹಾಳಾಗುತ್ತಿದ್ದವು. ಇಲ್ಲಿ ಅದರಿಂದ ಇನ್ನೊಂದು ಉಪಕಾರ. ವೈಬ್ರೇಟರ್ ಇಳಿಸಿದರೆ ಕೂರಿಸಿದ ಇಟ್ಟಿಗೆ ಕದಲುತ್ತದೆ. ತಾನೇ ಹರಿಯುವ ಕಾಂಕ್ರೀಟಿಗೆ ಅದರ ಹಂಗಿಲ್ಲ.

ಹೊದಿಕೆ ಹೊದಿಸಿ, ಬಿಸಿ ಹೋಗದಂತೆ ಸುತ್ತ ಸಿಕ್ಕಿಸಿದರು. ಮಗುವಿಗೆ ಕಂಬಳಿ ಹೊದಿಸಿದ ಹಾಗೆ.

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹಿಂದಿನ ದಿನ ಹುಡುಗ ಫಿಲಡೆಲ್ಫಿಯಾಕ್ಕೆ ಕರೆದುಕೊಂಡು ಹೋಗಿದ್ದ. ಹದಿನೆಂಟನೇ ಶತಮಾನದ ಮನೆಗಳಿರುವ ಎಲ್ಫ್ರೆತ್ಸ್ ಆಲಿ ಎಂಬ ಓಣಿಯಲ್ಲಿ ನಿಂತು, ಇಟ್ಟಿಗೆ ಗೋಡೆಗಳನ್ನು ಮುಟ್ಟಿ ನೋಡಿದ್ದೆ. ಆ ಕಾಲದ ಕಟ್ಟಡಗಳಲ್ಲಿ ಒಂದೇ ವರಸೆಯಲ್ಲಿ ಒಂದು ಇಟ್ಟಿಗೆ ಉದ್ದಕ್ಕೆ, ಪಕ್ಕದ್ದು ಅಡ್ಡಕ್ಕೆ, ತಲೆ ಮಾತ್ರ ಹೊರಗೆ ಕಾಣುವಂತೆ. ಅಡ್ಡ ಮಲಗಿದ ಆ ಇಟ್ಟಿಗೆ ಗೋಡೆಯ ಹೊರಮೈಯನ್ನೂ ಒಳಮೈಯನ್ನೂ ಹಿಡಿದು ಕಟ್ಟುತ್ತದೆ. ಚೆಲುವಿಗೆ ಮೊದಲು ಅದು ಬಲ. ಅದೇ ಮಾದರಿಯ ರಬ್ಬರ್ ಹಾಸು ಕಾರ್ಖಾನೆಯ ಮೂಲೆಯಲ್ಲೂ ಇತ್ತು. ಅದರಲ್ಲಿ ಆ ‘ತಲೆ’ಗೆ ಗುಳಿ ಇದೆ, ತಲೆಯ ಹಿಂದೆ ಮೈ ಇಲ್ಲ. ಇದು ಸುಳ್ಳಲ್ಲವೇ ಎಂದು ಮನಸ್ಸು ಕೇಳುತ್ತಲೇ ಇತ್ತು.

ಹೊರಳಾಡುತ್ತಾ ರೋಮ್ ನೆನಪಾಯಿತು. ಕಾಂಕ್ರೀಟ್ ಗೋಡೆಗೆ ಇಟ್ಟಿಗೆಯ ಮುಖ ಕೊಟ್ಟವರಲ್ಲಿ ಇವರು ಮೊದಲಿಗರಲ್ಲ. ಎರಡನೇ ಶತಮಾನದ ಶುರುವಿನಲ್ಲಿ ಎದ್ದ ಟ್ರಾಜನ್ನನ ಮಾರುಕಟ್ಟೆಯ ಗೋಡೆಗಳು ಹೊರಗಿನಿಂದ ಇಟ್ಟಿಗೆ, ಒಳಗೆಲ್ಲ ಕಾಂಕ್ರೀಟು. ಆ ಕಾಲದ ರೋಮನ್ನರು ಚೌಕ ಇಟ್ಟಿಗೆಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿ ತ್ರಿಕೋನ ಮಾಡುತ್ತಿದ್ದರು. ಅಗಲದ ಬದಿ ಹೊರಗೆ, ಚೂಪು ಮೂಲೆ ಒಳಗಿನ ಕಾಂಕ್ರೀಟಿಗೆ. ನಮ್ಮ ಹುಡುಗನ ಇಟ್ಟಿಗೆಯ ಬೆನ್ನಿನ ಗಾಡಿ ಮಾಡುವ ಕೆಲಸವನ್ನೇ ಅಲ್ಲಿ ಆ ಚೂಪು ಮೂಲೆ ಮಾಡುತ್ತಿತ್ತು. ಆ ಗೋಡೆಗಳಿಗೆ ಸಾವಿರದೊಂಬೈನೂರು ವರ್ಷ ಆಯಿತು. ಇನ್ನೊಂದು ಬಗೆಯದು ಇಂಗ್ಲೆಂಡಿನ ಸಸೆಕ್ಸ್ ಸೀಮೆಯ ಲೂಯಿಸ್ ಊರಿನಲ್ಲಿ. ಅಲ್ಲಿ ಹದಿನೆಂಟನೇ ಶತಮಾನದಲ್ಲಿ ಹಳೆಯ ಮರದ ಮನೆಗಳಿಗೆ, ಇಟ್ಟಿಗೆಯಂತೆ ಕಾಣುವ ಹೆಂಚುಗಳನ್ನು ಒಂದರ ಮೇಲೊಂದು ನೇತುಹಾಕುತ್ತಿದ್ದರು. ಮೂಲೆಯಲ್ಲಿ ಮಾತ್ರ ಜೋಡಿಸಲು ಬಾರದೆ ಅನೇಕ ಕಡೆ ಮರದ ಪಟ್ಟಿ ಹೊಡೆದು ಮುಗಿಸಿದರು. ಮೂಲೆ ಎಂಬುದು ಎಲ್ಲ ಕಾಲಕ್ಕೂ ಒಂದೇ ಪರೀಕ್ಷೆ.

ನನ್ನ ಮನಸ್ಸಿಗೆ ಬಂದದ್ದು ಇಷ್ಟು. ಪ್ಲಾಸ್ಟಿಕ್ಕಿಗೆ ಕೆಂಪು ಬಣ್ಣ ಬಳಿದು ಇಟ್ಟಿಗೆ ಎಂದರೆ ಅದು ಮೋಸ. ಮಣ್ಣನ್ನು ಸುಟ್ಟು, ಒಂದೊಂದನ್ನೂ ಕೈಯಲ್ಲಿ ಆರಿಸಿ, ಮಳೆ ಹಿಮಕ್ಕೆ ಎದೆ ಕೊಟ್ಟು ನಿಲ್ಲಬೇಕಾದ ಜಾಗದಲ್ಲಿ ನಿಲ್ಲಿಸಿದರೆ ಅದು ಇಟ್ಟಿಗೆಯೇ. ಹೊರೆ ಹೊರುವ ಕೆಲಸವನ್ನು ಕಾಂಕ್ರೀಟು ವಹಿಸಿಕೊಂಡಿದೆ, ಮೈ ಕಾಯುವ ಕೆಲಸ ಇಟ್ಟಿಗೆಗೆ ಉಳಿದಿದೆ. ಆದರೆ ತಲೆ ಇಟ್ಟಿಗೆಯ ಮಾದರಿಯನ್ನು ಮಾತ್ರ ಇಂಥ ಗೋಡೆಯಲ್ಲಿ ಬಳಸಬಾರದು ಎಂದೇ ಈಗಲೂ ನನ್ನ ಅಭಿಪ್ರಾಯ. ಕಟ್ಟದ ಇಟ್ಟಿಗೆ ಕಟ್ಟಿದ್ದೇನೆ ಎಂದು ಹೇಳಬಾರದು.

ಬೆಳಿಗ್ಗೆ ಆರಕ್ಕೆ ಮತ್ತೆ ಶೆಡ್ಡಿನಲ್ಲಿದ್ದೆವು. ಅದೇ ಕಾಂಕ್ರೀಟಿನಿಂದ ಹಿಂದಿನ ದಿನ ತುಂಬಿಸಿಟ್ಟಿದ್ದ ಉರುಳೆಗಳನ್ನು ಯಂತ್ರಕ್ಕೆ ಕೊಟ್ಟು ಪುಡಿ ಮಾಡಿ ನೋಡಿದರು. ಎತ್ತುವಷ್ಟು ಗಟ್ಟಿಯಾಗಿದೆ ಎಂದು ಗೊತ್ತಾದ ಮೇಲೆ ತಡಿಕೆಗಳನ್ನು ಬಿಚ್ಚಿದರು. ಕ್ರೇನಿನ ಸರಪಳಿ ಕೊಂಡಿಗಳಿಗೆ ಬಿತ್ತು. ಸರಪಳಿ ಬಿಗಿಯಾಯಿತು, ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಒಂದು ಸದ್ದು ಬಂತು. ಮುತ್ತುಗದೆಲೆಯಿಂದ ಕಡುಬು ಬಿಡಿಸುವಾಗ ಬರುತ್ತದಲ್ಲ, ಆ ಸದ್ದನ್ನೇ ನೂರು ಪಟ್ಟು ದೊಡ್ಡದು ಮಾಡಿದಂತೆ. ರಬ್ಬರ್ ಹಾಸು ಇಟ್ಟಿಗೆಯ ಮುಖಗಳನ್ನು ಒಂದೊಂದು ಸಾಲಾಗಿ ಬಿಟ್ಟುಕೊಡುತ್ತಿತ್ತು. ಗೋಡೆಯ ಒಂದು ಅಂಚು ಮೇಲೆದ್ದಿತು. ಹಾಗೇ ನಿಧಾನವಾಗಿ, ಮಲಗಿದ್ದವರು ಎದ್ದು ಕೂರುವಂತೆ, ಗೋಡೆ ಎದ್ದು ನಿಂತಿತು.

ಮುಖ ಮಂಕಾಗಿತ್ತು. ಜಿಡ್ಡು ಜಿಡ್ಡಾದ ಬಿಳಿಯ ಪೊರೆ. ಮುಟ್ಟಿದಾಗ ನನ್ನ ಬೆರಳಿಗೆ ಹತ್ತಿದ್ದು ಇದೇ, ಮೇಣ. ಇಟ್ಟಿಗೆ ಪೆಟ್ಟಿಗೆಗೆ ಬೀಳುವ ಮುಂಚೆಯೇ ಮುಖಕ್ಕೆ ಮೇಣ ಬಳಿದಿರುತ್ತಾರೆ. ಕಾಂಕ್ರೀಟಿನ ಹಾಲು ಅಕಸ್ಮಾತ್ ನುಸುಳಿದರೂ ಇಟ್ಟಿಗೆಗೆ ಹತ್ತದೆ ಮೇಣಕ್ಕೆ ಹತ್ತಲಿ ಎಂದು. ರಬ್ಬರ್ ಬೂಟು ಹಾಕಿದ ಹುಡುಗನೊಬ್ಬ ಬಿಸಿನೀರಿನ ಕೊಳವೆ ತಂದ. ಹಬೆ ಎದ್ದಿತು. ನೀರು ತಾಗಿದ ಕಡೆಯೆಲ್ಲ ಮೇಣ ಕರಗಿ ಇಳಿದು, ಅದರ ಹಿಂದೆ ಕೆಂಪು ಬಂತು. ಮೇಲಿನ ಮೂಲೆಯಿಂದ ಶುರುವಾಗಿ ಒಂದೊಂದು ಪಟ್ಟಿಯಾಗಿ ಗೋಡೆ ತೆರೆದುಕೊಂಡಿತು. ಒದ್ದೆ ಇಟ್ಟಿಗೆಯ ಆ ಕೆಂಪಿಗೆ ಕನ್ನಡದಲ್ಲಿ ಹೆಸರು ಹುಡುಕಿದೆ. ಮಳೆ ಬಿದ್ದ ಮೇಲಿನ ಮಾಲೂರಿನ ನೆಲ, ಅಷ್ಟೇ ಹೊಳೆಯಿತು. ದಿಂಡುಗಳಿದ್ದ ಕಡೆ ಈಗ ಸಂದುಗಳು, ಒಳಕ್ಕೆ ಬಾಗಿದ, ಹೆಬ್ಬೆರಳಿನಿಂದ ಸವರಿದಂಥ ನಯವಾದ ಗಾರೆ. ಎಲ್ಲವೂ ಒಂದೇ ಆಳ. ಅಣ್ಣನಿಗೆ ಪಾಯಿಂಟಿಂಗ್ ಎಂದರೆ ಪ್ರಾಣ. ಇದನ್ನು ಅವನು ನೋಡಬೇಕಿತ್ತು ಅನ್ನಿಸಿತು.

ಹಿಂದೆ ಯಾರೋ ಬಂದು ನಿಂತರು. ಪೋರ್ಟೊರಿಕೊದ ಹೆಂಗಸು, ಕೈಯಲ್ಲಿ ಕಾಫಿಯ ಲೋಟ. ಏನೂ ಮಾತಾಡಲಿಲ್ಲ. ಕಣ್ಣು ಕಿರಿದು ಮಾಡಿ ಮೇಲಿಂದ ಕೆಳಗೆ ಒಮ್ಮೆ ನೋಡಿದಳು, ನಮ್ಮ ಅಣ್ಣ ನೋಡುವ ಹಾಗೆಯೇ. ಕೆಳಗಿನಿಂದ ಏಳನೇ ವರಸೆಯಲ್ಲಿ ಒಂದು ಇಟ್ಟಿಗೆಯ ಕಡೆ ಬೆರಳು ತೋರಿಸಿ ಹುಡುಗನಿಗೆ ಏನೋ ಹೇಳಿದಳು. ಎರಡು ಕಪ್ಪು ನೆರಳಿನ ಇಟ್ಟಿಗೆ ಪಕ್ಕಪಕ್ಕ ಬಂದುಬಿಟ್ಟಿವೆ, ಅದು ಅವಳಿಗೆ ಹಿಡಿಸಿರಲಿಲ್ಲ. ನಾನು ಎಷ್ಟು ನೋಡಿದರೂ ಅದು ದೋಷವೆಂದು ಕಾಣಲಿಲ್ಲ.

ಮೂರನೇ ದಿನ ಅಂಥದೇ ಗೋಡೆಗಳು ಫಿಲಡೆಲ್ಫಿಯಾದ ಒಂದು ವಿದ್ಯಾರ್ಥಿ ನಿಲಯಕ್ಕೆ ಏರುವುದನ್ನು ನೋಡಿದೆ. ಥರ್ಮಾಮೀಟರ್ ಸೊನ್ನೆಗಿಂತ ಕೆಳಗಿತ್ತು. ಗಾರೆ ಕಲಸಿದರೆ ಹೆಪ್ಪುಗಟ್ಟುವ ಚಳಿ, ಇಟ್ಟಿಗೆ ಕಟ್ಟುವವರು ಹೊದಿಕೆ ಹಾಕಿ, ಒಲೆ ಇಟ್ಟು ಕೆಲಸ ಮಾಡಬೇಕಾದ ದಿನ. ಕ್ರೇನು ಮಾತ್ರ ಒಂದಾದ ಮೇಲೆ ಒಂದು ಗೋಡೆ ಎತ್ತಿಡುತ್ತಿತ್ತು. ನಾನು ನಿಂತಿದ್ದ ಬೆಳಗಿನೊಳಗೆ ನಾಲ್ಕು ಗೋಡೆ, ಎಂದರೆ ಎಂಟು ಸಾವಿರದಷ್ಟು ಇಟ್ಟಿಗೆ. ಗೋಡೆ ಗೋಡೆಯ ನಡುವೆ ಸಂದು ಬಿಟ್ಟು, ಹಿಗ್ಗಿ ಕುಗ್ಗಲು ಜಾಗ ಇರಲೆಂದು ಮೆತ್ತನೆಯ ರಬ್ಬರಿನಂಥ ಸೀಲೆಂಟ್ ತುಂಬುತ್ತಾರೆ. ಮೂರನೇ ಮಹಡಿಯ ತನಕ ಕಣ್ಣು ಓಡಿಸಿದರೆ ಆ ಗೀಟು ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಎರಡೂ ಕಡೆ ಅರ್ಧರ್ಧ ಇಟ್ಟಿಗೆ. ಕಟ್ಟಿದ ಗೋಡೆಯಲ್ಲಿ ಇಂಥ ಗೀಟು ಇದ್ದರೆ ಮೇಸ್ತ್ರಿಗೆ ಮರ್ಯಾದೆ ಹೋಯಿತು. ಇಲ್ಲಿ ಇದೇ ಮರ್ಯಾದೆ, ಗೋಡೆ ತಾನು ಹೇಗೆ ಹುಟ್ಟಿದೆ ಎಂಬುದನ್ನು ಹೇಳಿಕೊಳ್ಳುವ ಜಾಗ. ಕೆಲವು ಕಡೆ ಇದನ್ನು ಮಳೆನೀರಿನ ಕೊಳವೆಯ ಹಿಂದೆ, ಮೂಲೆಯ ನೆರಳಿನಲ್ಲಿ ಬಚ್ಚಿಡುತ್ತಾರೆ.

ಈ ಕೆಲಸ ನಕಲಿನಲ್ಲೇ ನಿಲ್ಲಬೇಕಾಗಿಲ್ಲ ಎಂಬುದು ನ್ಯೂಯಾರ್ಕಿಗೆ ಹೋದಾಗ ತಿಳಿಯಿತು. ಮಲ್ಬರಿ ಬೀದಿಯ 290ನೇ ನಂಬರಿನಲ್ಲಿ ಶಾಪ್ ಎಂಬ ವಾಸ್ತುಶಿಲ್ಪಿಗಳ ಬಳಗ ವಿನ್ಯಾಸ ಮಾಡಿದ 13 ಮಹಡಿಯ ವಸತಿ ಕಟ್ಟಡವಿದೆ. ಹತ್ತಿರದಲ್ಲೇ 1886ರ ಹೊತ್ತಿಗೆ ಎದ್ದ ಪಕ್ ಬಿಲ್ಡಿಂಗ್, ಕಮಾನಿನ ಮೇಲೆ ಕಮಾನು ಕಟ್ಟಿದ ಕೆಂಪಿಟ್ಟಿಗೆಯ ವೈಭವ. ಆ ಪ್ರದೇಶದಲ್ಲಿ ಬೀದಿಗೆ ಕಾಣುವ ಮುಖ ಇಟ್ಟಿಗೆಯಂಥ ಕಟ್ಟಡ ಸಾಮಗ್ರಿಯದೇ ಇರಬೇಕೆಂಬ ನಿಯಮ. ಹೊಸ ಕಟ್ಟಡದವರು ನಿಯಮ ಪಾಲಿಸಿದರು, ಹಳೆಯದನ್ನು ನಕಲು ಮಾಡಲಿಲ್ಲ. ಅಚ್ಚಿನ ಹಾಸಿನಲ್ಲೇ ಏರಿಳಿತ ಕೊಟ್ಟು, ಪ್ರತಿ ಇಟ್ಟಿಗೆಯೂ ಪಕ್ಕದ್ದಕ್ಕಿಂತ ಸ್ವಲ್ಪ ಮುಂದೆ ಅಥವಾ ಹಿಂದೆ ಕೂರುವಂತೆ ಮಾಡಿದರು. ಇಳಿಬಿಸಿಲು ಬಿದ್ದಾಗ ಗೋಡೆ ಗಾಳಿಗೆ ಅಲೆಯೆದ್ದ ಕೆರೆಯ ನೀರಿನಂತಿತ್ತು. ನೂಲು ಹಿಡಿದು ಹೀಗೆ ಕಟ್ಟಬೇಕೆಂದರೆ ಒಂದೊಂದು ಇಟ್ಟಿಗೆಗೂ ಬೇರೆ ಬೇರೆ ಅಳತೆ ನೋಡಬೇಕಾಗುತ್ತಿತ್ತು.

ಊರಿಗೆ ಹೊರಟಾಗ ಹುಡುಗ ಒಂದು ತೆಳು ಇಟ್ಟಿಗೆಯನ್ನು ಸ್ವೆಟರಿನಲ್ಲಿ ಸುತ್ತಿ ಕೊಟ್ಟ. “ಅಪ್ಪನಿಗೆ ಕೊಡಿ ಚಿಕ್ಕಪ್ಪ. ಏನು ಅಂತಾರೋ ನನಗೆ ಹೇಳಿ.”

ಅಣ್ಣ ಜಗಲಿಯ ಮೇಲೆ ಕೂತಿದ್ದ. ಇಟ್ಟಿಗೆಯನ್ನು ಕೈಗೆ ತಗೊಂಡು, ಮೊದಲು ಬೆರಳ ಗೆಣ್ಣಿನಿಂದ ಕುಟ್ಟಿ ಕಿವಿಗೆ ಹಿಡಿದ. ಖಣ್ ಎಂದಿತು. ತಲೆ ಅಲ್ಲಾಡಿಸಿದ, ಚೆನ್ನಾಗಿ ಬೆಂದಿದೆ ಎಂದು. ಆಮೇಲೆ ಪಕ್ಕದ ಚೊಂಬಿನಿಂದ ಅಂಗೈಯಷ್ಟು ನೀರು ಅದರ ಮುಖಕ್ಕೆ ಸುರಿದ. ನೀರು ಒಳಗಿಳಿಯದೆ, ಕೆಸುವಿನೆಲೆಯ ಮೇಲಿನಂತೆ ಮುತ್ತು ಮುತ್ತಾಗಿ ನಿಂತಿತು.

“ಏನೋ ಇದು, ನೀರೇ ಕುಡಿಯಲ್ವಲ್ಲೋ?”

ನಾನು ಬಾಯಿ ತೆರೆಯುವ ಮುಂಚೆಯೇ ಉಗುರಿನಿಂದ ಮೂಲೆಯಲ್ಲಿ ಕೆರೆದ. ಬಿಳಿಯ ಸಿಪ್ಪೆ ಸುರುಳಿ ಸುತ್ತಿ ಎದ್ದಿತು. ಮೂಗಿಗೆ ಹಿಡಿದು, “ಮೇಣ” ಎಂದ. ಇಟ್ಟಿಗೆಯನ್ನು ತಿರುಗಿಸಿ ಬೆನ್ನಿಗೆ ನೀರು ಹಾಕಿದ. ಅದು ಗಾಡಿಗಳಲ್ಲಿ ಹರಿದು ನಿಧಾನವಾಗಿ ಒಳಗಿಳಿಯಿತು. ಹೆಬ್ಬೆರಳನ್ನು ಆ ಒಂದು ಗಾಡಿಗೆ ಒತ್ತಿ, ಅಗಲದ ತಳದ ತನಕ ಸವರಿ ನೋಡಿದ. ಬಹಳ ಹೊತ್ತು ಹಾಗೇ ಕೂತಿದ್ದ. ಕೊನೆಗೆ ಕೇಳಿದ:

“ಇದನ್ನ ಜೋಡಿಸೋರು ಯಾರು, ನಮ್ಮ ಹುಡುಗನಾ?”

“ಇಲ್ಲಣ್ಣ. ಒಬ್ಬ ಹೆಣ್ಣುಮಗಳು.”

“ಕೈ ಒಳ್ಳೇದಿದೆಯಾ?”

ಏಳನೇ ವರಸೆಯ ಆ ಎರಡು ಇಟ್ಟಿಗೆಯ ವಿಷಯ ಹೇಳಿದೆ.